ಕಾರಿನ ಪಕ್ಕ ನಿಂತವಳು

"ಬನ್ನಿ, ಬನ್ನಿ... ಎಡಕ್ಕೆ ಒಂಚೂರು ತಿರುಗಿಸಿ. ಸಾಕು. ಈಗ ನೇರ ಮಾಡ್ಕೊಳ್ಳಿ."

"ಕನ್ನಡಿ ನೋಡಿ, ನನ್ನ ನೋಡಬೇಡಿ."

"ನಿಧಾನ. ಯಾವ ಅವಸರಾನೂ ಇಲ್ಲ."

ಹೆಣದ ಗಾಡಿ ಗಲ್ಲಿಯೊಳಗೆ ಹಿಮ್ಮುಖವಾಗಿ ಬರುತ್ತಿತ್ತು. ಅದರ ಡ್ರೈವರು ಈ ಕೆಲಸದಲ್ಲೇ ತಲೆಗೂದಲು ನರೆಸಿಕೊಂಡವನು, ಇದಕ್ಕಿಂತ ಇಕ್ಕಟ್ಟಿನ ಸಂದಿಗಳಲ್ಲಿ ಗಾಡಿ ತೂರಿಸಿದವನು. ಆದರೆ ಅಲ್ಲಿ ಸೇರಿದ್ದವರಲ್ಲಿ ಮುಕ್ಕಾಲು ಪಾಲು ಬ್ರೇಕ್ ಮೇಷ್ಟ್ರ ಹತ್ತಿರ ಡ್ರೈವಿಂಗ್ ಕಲಿತವರು. ಕಣ್ಣೆದುರಿಗೆ ಗಾಡಿಯೊಂದು ಹಿಂದಕ್ಕೆ ಬರುತ್ತಿದ್ದರೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವರಿಂದ ಆಗುವ ಮಾತಲ್ಲ. ಔಷಧಿ ಅಂಗಡಿಯವಳು ಒಂದು ಕಡೆಯಿಂದ ಕೈಯಾಡಿಸಿದರೆ ಶಾಲೆಯ ಗುಮಾಸ್ತ ಇನ್ನೊಂದು ಕಡೆಯಿಂದ ಬೆರಳು ತೋರಿಸುತ್ತಿದ್ದ. ಎಲ್ಲರ ಬಾಯಲ್ಲೂ ಮೇಷ್ಟ್ರ ಮಾತು, ಮೇಷ್ಟ್ರ ಧಾಟಿ, ಮಗುವಿಗೆ ತುತ್ತು ತಿನ್ನಿಸುವಾಗ ಇರುವಂಥ ಆ ಸಮಾಧಾನ. ಡ್ರೈವರು ಯಾರ ಮಾತು ಕೇಳಬೇಕೆಂದು ತಿಳಿಯದೆ, ಕೊನೆಗೆ ಯಾರ ಮಾತನ್ನೂ ಕೇಳದೆ, ಗಾಡಿಯನ್ನು ಸರಿಯಾಗಿಯೇ ತಂದ.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿಗೆ ಈ ಧಾಟಿ ಕೇಳಿ ಮೈಯೆಲ್ಲ ಉರಿಯಿತು. ಗಂಡ ಸತ್ತು ಒಳಗೆ ಮಲಗಿರುವಾಗ ಇದೆಂಥ ಉರಿ ಎಂದು ಯಾರಾದರೂ ಕೇಳಬಹುದು. ಕೇಳಲಿ. ಮೇಷ್ಟ್ರು ಆ ಧಾಟಿಯನ್ನು ಊರಿಗೆಲ್ಲ ಹಂಚಿ, ಮನೆಗೆ ಬರುವಷ್ಟರಲ್ಲಿ ಖಾಲಿ ಮಾಡಿಕೊಂಡು ಬರುತ್ತಿದ್ದರು. ಮನೆಯಲ್ಲಿ ಅವರದು 'ಹೂಂ', 'ಉಹೂಂ', 'ಏನೂ ಆಗಿಲ್ಲ', ಇಷ್ಟೇ. ಈಗ ಯಾರು ಯಾರೋ ಬಂದು ಅವರ ದನಿಯಲ್ಲಿ ಮಾತಾಡುತ್ತಿದ್ದರು, ಅವಳ ಪಾಲಿಗೆ ಮಾತ್ರ ಹೆಣ ಉಳಿದಿತ್ತು.

ಅವಳು ಮೆಟ್ಟಿಲಿಳಿದು ಸೀದಾ ಹೋಗಿ ಗಾಡಿಯ ಹಿಂಬಾಗಿಲಿಗೆ ಅಂಗೈ ಒತ್ತಿ ನಿಂತಳು.

"ನಿಲ್ಲಿಸಿ. ಇವತ್ತು ಕಳಿಸಲ್ಲ."

ಗಲ್ಲಿ ಗಪ್ಪಾಯಿತು. ಮೇಷ್ಟ್ರ ಅಕ್ಕ, ಅಂದರೆ ಅವಳ ನಾದಿನಿ, ಬೆಳಗಿನ ಬಸ್ಸಿಗೆ ಬಂದವಳು, ಮೂಗು ಒರೆಸಿಕೊಳ್ಳುತ್ತಾ ಓಡಿಬಂದಳು.

"ಏನೇ ಇದು? ಜನ ನೋಡ್ತಿದಾರೆ. ಸಂಜೆ ಮೇಲೆ ಸ್ಮಶಾನದ ಗೇಟು ಹಾಕ್ತಾರಂತೆ."

"ಹಾಕ್ಲಿ. ಯಾಕೆ ಹೋದ್ರು ಅಂತ ನನಗೆ ಗೊತ್ತಾಗ್ಬೇಕು. ಆಸ್ಪತ್ರೆಗೆ ಹೋಗಿ ಬಂದ ಮನುಷ್ಯ. ಏನೂ ಇಲ್ಲ ಅಂತ ಹೇಳಿಸ್ಕೊಂಡು ಬಂದ ಮನುಷ್ಯ. ಮರುದಿನ ಬೆಳಿಗ್ಗೆ ಮುಖ ತೊಳೆಯೋ ಜಾಗದಲ್ಲೇ ಬಿದ್ದು ಹೋದ್ರು ಅಂದ್ರೆ ಏನರ್ಥ?"

"ಆಯುಸ್ಸು ಮುಗೀತು ಅಂತ ಅರ್ಥ."

"ಅದನ್ನ ಡಾಕ್ಟ್ರು ಹೇಳ್ಲಿ ಅಕ್ಕ. ನೀವು ಹೇಳ್ಬೇಡಿ."

ನಾದಿನಿ ಸಹಾಯಕ್ಕಾಗಿ ಗ್ಯಾರೇಜಿನವನ ಮುಖ ನೋಡಿದಳು. ಮೇಷ್ಟ್ರ ಕಾರನ್ನು ಇಷ್ಟು ವರ್ಷ ಉಸಿರಾಡಿಸಿಕೊಂಡು ಬಂದವನು ಅವನೇ. ಆದರೆ ಬೆಂಕಿಗೆ ಗಾಳಿ ಹಾಕಿದವನೂ ಅವನೇ. ಬೆಳಿಗ್ಗೆ ಕುರ್ಚಿ ಜೋಡಿಸುತ್ತಾ ಅವಳ ಕಿವಿಯಲ್ಲಿ ಹೇಳಿದ್ದ: "ಅತ್ತಿಗೆ, ನಮ್ಮಪ್ಪನ ವಿಷಯದಲ್ಲಿ ನಾವು ತಪ್ಪು ಮಾಡಿದ್ವಿ. ಮಣ್ಣು ಮಾಡಿದ ಮೇಲೆ ಕೇಳೋಕೆ ಹೋದ್ವಿ. ಏನು ಆಧಾರ ಅಂದ್ರು. ಕೇಳೋ ಮನಸ್ಸಿದ್ರೆ ಇವತ್ತೇ ದೊಡ್ಡಾಸ್ಪತ್ರೆಗೆ ಕೊಂಡುಹೋಗಿ, ಕೊಯ್ಸಿ ನೋಡ್ಬೇಕು. ಸುಮ್ಮನಿರೋ ಮನಸ್ಸಿದ್ರೆ ಅದೂ ಒಳ್ಳೇದೇ. ಎರಡೂ ಅಲ್ಲದ ಹಾಗೆ ಮಾತ್ರ ಮಾಡ್ಕೋಬೇಡಿ." ಈಗ ಅವನು ನಾದಿನಿಯ ಕಣ್ಣು ತಪ್ಪಿಸಿ, ಗಾಡಿಯ ಟೈರಿನಲ್ಲಿ ಗಾಳಿ ಎಷ್ಟಿದೆ ಎಂದು ನೋಡುವವನಂತೆ ಬಗ್ಗಿದ.

"ಮೊದಲು ಏನೂ ಇಲ್ಲ ಅಂತ ಕಳಿಸಿದ ಆ ಡಾಕ್ಟರಮ್ಮನ್ನ ಕರೆಸಿ," ಎಂದಳು ಅವಳು. "ಅವಳ ಬಾಯಿಂದ ಕೇಳಿದ ಮೇಲೆ ಗಾಡಿ ಸ್ಮಶಾನಕ್ಕೋ ದೊಡ್ಡಾಸ್ಪತ್ರೆಗೋ ನಾನು ಹೇಳ್ತೀನಿ."

ಗ್ಯಾರೇಜಿನವನು ಬಗ್ಗಿದಲ್ಲಿಂದಲೇ ಹೇಳಿದ: "ಕರೆಸೋದೇನಿದೆ ಅತ್ತಿಗೆ. ಬೆಳಿಗ್ಗೆಯಿಂದ ಅಲ್ಲೇ ಲೈಟು ಕಂಬದ ಹತ್ತಿರ ನಿಂತಿದಾಳೆ. ಒಳಗೆ ಬರೋಕೆ ಧೈರ್ಯ ಇಲ್ಲ, ಹೋಗೋಕೆ ಮನಸ್ಸಿಲ್ಲ."

•

ಆಸ್ಪತ್ರೆಗೆ ಹೋದದ್ದು ಮೊನ್ನೆ. ಬೆಳಿಗ್ಗೆಯೇ ಮೇಷ್ಟ್ರು ಎದೆ ನೀವಿಕೊಳ್ಳುತ್ತಿದ್ದರು. ಏನು ಎಂದು ಕೇಳಿದರೆ "ಏನೂ ಆಗಿಲ್ಲ" ಎಂದರು. ಆ ಮಾತಿಗೆ ಬೆಲೆಯೇ ಇರಲಿಲ್ಲ. ಯಾರೋ ಕಲಿಯುವವನು ಹಾಲಿನ ಅಂಗಡಿಯ ಕಟಕಟೆಗೆ ಕಾರು ಗುದ್ದಿ ನಿಲ್ಲಿಸಿದಾಗಲೂ ಮೇಷ್ಟ್ರು ಪಕ್ಕದ ಸೀಟಿನಿಂದ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದ್ದರು. ಕಲಿಸುವವನು ಬೆಚ್ಚಿದರೆ ಕಲಿಯುವವನು ಸತ್ತ ಎನ್ನುವುದು ಅವರ ಕಸುಬಿನ ಮೊದಲ ಪಾಠ. ಹೀಗಾಗಿ ಅವರು ಬೆಚ್ಚುವುದನ್ನೇ ಬಿಟ್ಟಿದ್ದರು. ಕಾರಿನಲ್ಲಿ ಅವರ ಸೀಟಿನ ಕಡೆಗೂ ಒಂದು ಬ್ರೇಕು ಇತ್ತು, ಬಲಗಾಲು ಸದಾ ಅದರ ಮೇಲೆ. ಮುಖ ಮಾತ್ರ ತಣ್ಣಗೆ.

ಮಧ್ಯಾಹ್ನದ ಹೊತ್ತಿಗೆ ಅಂಗಿ ಬೆವರಿನಲ್ಲಿ ಒದ್ದೆಯಾದಾಗ ಅವಳು ಹಠ ಹಿಡಿದಳು. ಕಾರು ಓಡಿಸಿದವರು ಅವರೇ. ಮತ್ತಾರು ಓಡಿಸಬೇಕು? ಪಕ್ಕದಲ್ಲಿ ಕೂತವಳು ಬ್ರೇಕ್ ಮೇಷ್ಟ್ರ ಹೆಂಡತಿ, ಊರಿನ ಅರ್ಧ ಕಿಟಕಿಗಳಿಗೆ ಕರ್ಟನ್ ಹೊಲಿದುಕೊಟ್ಟವಳು, ಗಾಡಿ ಓಡಿಸಲು ಬಾರದವಳು.

ಆಸ್ಪತ್ರೆಯ ಮುಂದೆ ನಿಲ್ಲಿಸಲು ಜಾಗವಿರಲಿಲ್ಲ. ಜೀವಮಾನದಲ್ಲಿ ಎಂದೂ ಅಡ್ಡಾದಿಡ್ಡಿ ನಿಲ್ಲಿಸದ ಮನುಷ್ಯ ಆಂಬುಲೆನ್ಸ್ ತಿರುಗುವ ಜಾಗದಲ್ಲೇ ಕಾರು ನಿಲ್ಲಿಸಿಬಿಟ್ಟರು. ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

"ನೀನು ಇಲ್ಲೇ ನಿಂತಿರು. ಯಾರಾದ್ರೂ ಕೇಳಿದ್ರೆ ಈಗ ಬರ್ತಾರೆ ಅನ್ನು," ಎಂದು ಹೇಳಿ ಒಬ್ಬರೇ ಒಳಗೆ ಹೋದರು.

ಅವಳು ನಿಂತಳು. ನೆತ್ತಿ ಸುಡುವ ಬಿಸಿಲು. ಕಾವಲುಗಾರ ಬಂದ. "ಅಮ್ಮಾ, ಗಾಡಿ ತೆಗೀರಿ."

"ಈಗ ಬರ್ತಾರೆ."

"ಅವರು ಬರೋವರೆಗೂ ಆಂಬುಲೆನ್ಸು ಆಕಾಶದಲ್ಲಿ ತಿರುಗ್ಬೇಕಾ? ನೀವೇ ಒಂಚೂರು ಮುಂದಕ್ಕೆ ತಗೊಳ್ಳಿ."

"ನನಗೆ ಬರಲ್ಲ."

ಕಾವಲುಗಾರ ಕಾರಿನ ನೆತ್ತಿಯ ಮೇಲಿದ್ದ ಬೋರ್ಡನ್ನು ಓದಿದ. 'ಡ್ರೈವಿಂಗ್ ಕಲಿಸಲಾಗುವುದು. ಮಹಿಳೆಯರಿಗೆ ವಿಶೇಷ ಗಮನ.' ಓದಿ ಅವಳ ಮುಖ ನೋಡಿದ. ಮತ್ತೆ ಓದಿದ. ಹಣ್ಣಿನ ಚೀಲ ಹಿಡಿದು ನಿಂತಿದ್ದ ಇಬ್ಬರು ಹೆಂಗಸರು ಮುಖ ತಿರುಗಿಸಿ ನಕ್ಕರು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮೇಷ್ಟ್ರು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು, ಆದರೆ ಕಣ್ಣು ಹೊಳೆಯುತ್ತಿತ್ತು. ಆ ಹೊಳಪನ್ನು ಅವಳು ಚೆನ್ನಾಗಿ ಬಲ್ಲಳು.

"ಡಾಕ್ಟರಮ್ಮ ಯಾರು ಗೊತ್ತಾ? ನಮ್ಮ ಹುಡುಗಿ. ರಿವರ್ಸ್ ಬರ್ತಾನೇ ಇರಲಿಲ್ಲ, ಲೈಸೆನ್ಸು ಮತ್ತೆ ಮತ್ತೆ ಫೇಲಾಗಿ ಅಳ್ತಿದ್ಲು. ಈಗ ನೋಡು, ಕೊರಳಲ್ಲಿ ಸ್ಟೆತಾಸ್ಕೋಪು."

"ಏನಂದ್ಲು ಅದು ಹೇಳಿ."

"ಗ್ಯಾಸಂತೆ. ಮಾತ್ರೆ ಕೊಟ್ಟಿದಾಳೆ. ಏನೂ ಆಗಿಲ್ಲ."

ದಾರಿಯುದ್ದಕ್ಕೂ ಅದೇ ಹುಡುಗಿಯ ಸುದ್ದಿ. ಹೇಗೆ ಬೆಳೆದುಬಿಟ್ಟಳು, ಎಷ್ಟು ಮುತುವರ್ಜಿಯಿಂದ ಕೈ ಹಿಡಿದು ನಾಡಿ ನೋಡಿದಳು. ಮಕ್ಕಳಿಲ್ಲದ ಮನೆಗೆ ಈ 'ನಮ್ಮ ಹುಡುಗಿ'ಯರು ಹೀಗೆ ಮಾತಿನ ಮೂಲಕ ಬಂದು ಜಾಗ ಹಿಡಿಯುವುದು ಹೊಸದೇನಲ್ಲ. ಬಿಸಿಲಲ್ಲಿ ನಿಂತು, ಜನರೆದುರು ನಗೆಪಾಟಲಾಗಿ ಬಂದವಳಿಗೆ ಅವತ್ತು ತಡೆಯಲಿಲ್ಲ. "ಅಷ್ಟು ಇಷ್ಟವಾಗಿದ್ರೆ ಅವಳ ಮನೆಗೇ ಹೋಗಿ ಊಟ ಮಾಡಿ," ಎಂದಳು. ಆಮೇಲೆ ಗಂಟುಮೋರೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ಬಚ್ಚಲಲ್ಲಿ ತಂಬಿಗೆ ಉರುಳಿದ ಸದ್ದಾದಾಗಲೂ ಅವಳು ತಕ್ಷಣ ಏಳಲಿಲ್ಲ. ಕೋಪ ಇನ್ನೂ ಬಾಕಿಯಿತ್ತು.

•

ಡಾಕ್ಟರಮ್ಮನನ್ನು ಅವಳು ಹೊಲಿಗೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಆಚೆ ಕಡೆಯಿಂದ ನಾದಿನಿ ಬಾಗಿಲಿಗೆ ಕಿವಿ ಹಚ್ಚಿದ್ದು ಇಬ್ಬರಿಗೂ ಗೊತ್ತಾಯಿತು. ಇಬ್ಬರೂ ದನಿ ತಗ್ಗಿಸಿದರು.

ಮೊದಲು ಅವಳು ಮಾಡಿದ ಕೆಲಸ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದು. ಎರಡು ದಿನದಿಂದ ಅವಳ ಮನಸ್ಸಿನಲ್ಲಿ ಒಬ್ಬ ಬೆಡಗಿ ಓಡಾಡಿಕೊಂಡಿದ್ದಳು. ಇವಳು ನೋಡಿದರೆ ಕಡ್ಡಿಯಂಥ ಹುಡುಗಿ, ಬಾಚದ ತಲೆ, ಅತ್ತೂ ಅತ್ತೂ ಊದಿದ ರೆಪ್ಪೆ, ತಪ್ಪು ಗುಂಡಿಗೆ ಸಿಕ್ಕಿಸಿಕೊಂಡ ಅಂಗಿ. ಇಷ್ಟು ಸಾಧಾರಣವಾಗಿ ಇದ್ದದ್ದು ಅವಳಿಗೆ ಇನ್ನೂ ಸಿಟ್ಟು ತಂದಿತು. ಚೆಲುವೆಯಾಗಿದ್ದರೆ ಬೈದುಕೊಳ್ಳಲಾದರೂ ಆಗುತ್ತಿತ್ತು.

"ಕೂತ್ಕೋ."

ಕೋಣೆಯ ತುಂಬ ಯಾರದೋ ಮನೆಯ ನೀಲಿ ಕರ್ಟನ್ ಬಟ್ಟೆ ಹರಡಿತ್ತು. ಹುಡುಗಿ ಅದನ್ನು ತುಳಿಯದಂತೆ ಕಾಲು ಒಟ್ಟು ಮಾಡಿಕೊಂಡು ಸ್ಟೂಲಿನ ತುದಿಯಲ್ಲಿ ಕೂತಳು.

"ನಮ್ಮ ಆಸ್ಪತ್ರೆಯವರು ಇಲ್ಲಿಗೆ ಬರ್ಲೇಬೇಡ ಅಂದಿದ್ರು ಆಂಟಿ. ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡ ಅಂದಿದಾರೆ. ಕೆಲಸ ಹೋಗುತ್ತೆ ಅಂತಾನೂ ಹೇಳಿದಾರೆ."

"ಮತ್ತೆ ಯಾಕೆ ಬಂದೆ?"

"ಬರದೆ ಇರೋಕೆ ಆಗ್ಲಿಲ್ಲ."

ಕೇಳಬೇಕಾದ ಪ್ರಶ್ನೆಗಳನ್ನು ಅವಳು ಬೆಳಗಿನಿಂದ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದಳು. ಏನು ಪರೀಕ್ಷೆ ಮಾಡಿದೆ, ಯಾಕೆ ಮನೆಗೆ ಕಳಿಸಿದೆ, ದೊಡ್ಡ ಡಾಕ್ಟರಿಗೆ ಯಾಕೆ ತೋರಿಸಲಿಲ್ಲ. ಬಾಯಿ ತೆರೆದರೆ ಹೊರಗೆ ಬಂದದ್ದು ಬೇರೆಯೇ.

"ಒಳಗೆ ನಿಮ್ಮಿಬ್ಬರದು ಅಷ್ಟು ಹೊತ್ತು ಏನು ಮಾತು?"

ಹುಡುಗಿ ತಬ್ಬಿಬ್ಬಾದಳು. "ಮಾತು ಅಂದ್ರೆ... ನನ್ನ ಬಗ್ಗೆ ಕೇಳಿದ್ರು. ಅಪ್ಪ ಅಮ್ಮ ಹೇಗಿದಾರೆ, ಗಾಡಿ ಓಡಿಸ್ತಿದೀಯಾ, ರಿವರ್ಸ್ ಬರುತ್ತಾ ಈಗ ಅಂತ."

"ನಕ್ಕರಾ?"

"ನಕ್ರು."

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ತನ್ನ ಗಂಡನ ಕೊನೆಯ ನಗು ಈ ಹುಡುಗಿಯ ಕಣ್ಣಿಗೆ ಬಿದ್ದಿತ್ತು.

•

ಅವಳೂ ಒಮ್ಮೆ ಆ ಕಾರಿನ ಸ್ಟೇರಿಂಗ್ ಹಿಡಿದಿದ್ದಳು. ಮದುವೆಯಾದ ಹೊಸತು. ಶಾಲೆಯ ಹಿಂದಿನ ಖಾಲಿ ಮೈದಾನಕ್ಕೆ ಮೇಷ್ಟ್ರು ಅವಳನ್ನು ಕರೆದುಕೊಂಡು ಹೋಗಿ, ಸೀಟು ಮುಂದಕ್ಕೆ ಎಳೆದು, ಕನ್ನಡಿ ಸರಿಮಾಡಿ ಕೂರಿಸಿದ್ದರು. ಬೆಳಿಗ್ಗೆಯೇ ಅವಳು ಹೊಸ ಚಪ್ಪಲಿ ಬಿಟ್ಟು ಹಳೆಯದನ್ನು ಹಾಕಿಕೊಂಡಿದ್ದಳು, ಕಾಲಿಗೆ ಹಿಡಿತ ಸಿಗಲಿ ಎಂದು. ಅಷ್ಟು ಆಸೆ ಇತ್ತು.

ಕಾರು ಹೊರಟಿತು. ಚೆನ್ನಾಗಿಯೇ ಹೊರಟಿತು. ಅರ್ಧ ಮೈದಾನ ದಾಟುವಷ್ಟರಲ್ಲಿ ದೂರದಲ್ಲಿ ಒಂದು ಕಾಂಪೌಂಡು ಗೋಡೆ ಕಂಡಿತು. ಇನ್ನೂ ಬೇಕಾದಷ್ಟು ದೂರವಿತ್ತು. ಅಷ್ಟಕ್ಕೇ ಮೇಷ್ಟ್ರು ಎರಡೂ ಕೈಯಲ್ಲಿ ಅವಳ ತೋಳು ಹಿಡಿದು ಎಳೆದು, ಮೈದಾನವೆಲ್ಲ ಕೇಳುವಂತೆ ಅರಚಿಕೊಂಡಿದ್ದರು. ಗಾಡಿ ಗೊಕ್ಕನೆ ಕೆಮ್ಮಿ ನಿಂತಿತ್ತು.

"ನಿನ್ನ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

ಹೆಡ್ಡ ಹುಡುಗರನ್ನೂ 'ಅಪ್ಪಾ ತಂದೆ' ಎಂದು ಮಾತಾಡಿಸುವವರು ತನ್ನನ್ನು ಹೀಗಂದರು. ಅವಳು ಬಾಗಿಲು ತೆಗೆದು ಇಳಿದು ಮನೆಗೆ ನಡೆದುಕೊಂಡೇ ಹೊರಟಳು. ಮೇಷ್ಟ್ರು ಕಿಟಕಿಯ ಗಾಜು ಇಳಿಸಿಕೊಂಡು, ಮೊದಲನೇ ಗೇರಿನಲ್ಲಿ, ಅವಳ ಪಕ್ಕದಲ್ಲೇ ಮನೆಯವರೆಗೂ ಕಾರು ಓಡಿಸಿಕೊಂಡು ಬಂದರು. ಒಂದು ಮಾತೂ ಆಡಲಿಲ್ಲ. ಅವಳೂ ತಿರುಗಿ ನೋಡಲಿಲ್ಲ.

ಮತ್ತೆಂದೂ ಆ ವಿಷಯ ಎತ್ತಲಿಲ್ಲ, ಇಬ್ಬರೂ. ಅವಳು ಹೊಲಿಗೆ ಹಿಡಿದಳು. ಯಾರದೋ ಮನೆಯ ಮಹಡಿಯಲ್ಲಿ ಕುರ್ಚಿ ಹತ್ತಿ ಕರ್ಟನ್ ಸಿಕ್ಕಿಸುವಾಗ ಕೆಳಗೆ ರಸ್ತೆಯಲ್ಲಿ ಆ ಕಾರು ಹಾದುಹೋಗುತ್ತಿತ್ತು. ಸ್ಟೇರಿಂಗ್ ಹಿಡಿದು ಯಾರೋ ಕಾಲೇಜು ಹುಡುಗಿ, ಪಕ್ಕದಲ್ಲಿ ಮೇಷ್ಟ್ರು ಹಲ್ಲು ಬಿಟ್ಟುಕೊಂಡು. ಒಂದು ಸಲ ಹಾಗೆ ನೋಡುತ್ತಾ ನೋಡುತ್ತಾ ಕೊಕ್ಕೆಯನ್ನು ಬೆರಳಿಗೇ ಚುಚ್ಚಿಕೊಂಡಿದ್ದಳು. ಮೇಷ್ಟ್ರ ಮೇಲೆ ಕೆಟ್ಟ ಅನುಮಾನ ಅವಳಿಗೆ ಎಂದೂ ಬಂದಿರಲಿಲ್ಲ. ಬಂದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಇದು ಜಗಳಕ್ಕೂ ಸಿಗದ ಸಂಕಟ: ಎಲ್ಲರನ್ನೂ ನಂಬುವ ಮನುಷ್ಯ ತನ್ನೊಬ್ಬಳನ್ನು ನಂಬಲಿಲ್ಲ.

•

"ಈಗ ಹೇಳು," ಎಂದಳು. "ಒಂದೂ ಬಿಡದೆ."

ಹುಡುಗಿ ನೀಲಿ ಬಟ್ಟೆಯನ್ನು ನೋಡುತ್ತಾ ಹೇಳಿದಳು.

"ನೋವು ಹತ್ತಕ್ಕೆ ಎಷ್ಟಿದೆ ಅಂತ ಕೇಳ್ದೆ. ಎಲ್ಲರನ್ನೂ ಹಾಗೇ ಕೇಳ್ತೀವಿ. ಎರಡು ಅಂದ್ರು."

"ಎರಡಾ? ಅಂಗಿ ಹಿಂಡಿದ್ರೆ ನೀರು ಬರೋ ಹಾಗಿತ್ತು."

"ಅದನ್ನೂ ಕೇಳ್ದೆ. ಬಿಸಿಲು ಅಂದ್ರು." ಹುಡುಗಿ ಕಾಲಿನ ಹತ್ತಿರದ ಬಟ್ಟೆಯನ್ನು ಬದಿಗೆ ಸರಿಸಿದಳು. "ಆಂಟಿ, ಅವತ್ತು ನಾನು ಸರಿಯಿರಲಿಲ್ಲ. ಬೆಳಿಗ್ಗೆ ಒಬ್ಬರು ನನ್ನ ಕಣ್ಮುಂದೇನೇ ತೀರ್ಕೊಂಡಿದ್ರು. ದೊಡ್ಡ ಡಾಕ್ಟ್ರು ಎಲ್ಲರ ಎದುರಿಗೇ ಉಗಿದಿದ್ರು. ಬಿ.ಪಿ. ಪಟ್ಟಿ ಕಟ್ಟೋಕೆ ಹೋದ್ರೆ ಕೈ ನಡುಗ್ತಿತ್ತು. ಮೇಷ್ಟ್ರು ಅದನ್ನ ನೋಡಿಬಿಟ್ರು. 'ಉಸಿರು ತಗೋ. ಏನೂ ಆಗಿಲ್ಲ. ಮೊದ್ಲು ಕನ್ನಡಿ, ಆಮೇಲೆ ಗೇರು' ಅಂದ್ರು. ನನಗೆ ನಗು ಬಂದ್ಬಿಡ್ತು. ಕೈ ನಡುಗೋದು ನಿಂತೇಹೋಯ್ತು."

"ಅವರ ಎದೆ ಒಡೀತಿತ್ತು. ನಿನಗೆ ಸಮಾಧಾನ ಹೇಳ್ತಾ ಕೂತಿದ್ರು."

"ಹೌದು ಆಂಟಿ. ನಾನು ಡಾಕ್ಟ್ರು ಅನ್ನೋದು ಅವರಿಗೆ ಮರೆತುಹೋಗಿತ್ತು. ನನಗೂ ಮರೆತುಹೋಯ್ತು."

ಇದನ್ನು ಕೇಳಿ ಅವಳಿಗೆ ಹುಡುಗಿಯ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಒಳಗೆ ಮಲಗಿದ್ದ ಗಂಡನಿಗೂ ಒಂದು.

"ಪರೀಕ್ಷೆ ಗಿರೀಕ್ಷೆ ಏನೂ ಇಲ್ವಾ ನಿಮ್ಮಲ್ಲಿ?"

"ಇದೆ. ಎದೆಗೆ ತಂತಿ ಹಚ್ಚಿ ನೋಡ್ತಾರಲ್ಲ, ಅದು. ಮಾಡೋಣ ಅಂದೆ. ಮುಂದೆ ಜನ ಇದ್ರು, ಸ್ವಲ್ಪ ಕಾಯಬೇಕಾಗಿತ್ತು. ಬೇಡ ಅಂತ ಎದ್ದುಬಿಟ್ರು."

"ಯಾಕೆ?"

ಹೊರಗೆ ನಾದಿನಿಯ ಬಳೆ ಬಾಗಿಲಿಗೆ ತಾಗಿ ಸದ್ದಾಯಿತು.

"ಯಾಕೆ ಅಂತ ನಿನ್ನನ್ನ ಕೇಳ್ದೆ."

"ಬೇಡ ಆಂಟಿ. ಅದು ಗೊತ್ತಾಗಿ ಏನಾಗ್ಬೇಕು ನಿಮಗೆ."

"ಹೇಳ್ತೀಯೋ ಇಲ್ವೋ?"

"'ಹೆಂಡತಿ ಹೊರಗೆ ಬಿಸಿಲಲ್ಲಿ ನಿಂತಿದಾಳೆ. ಕಾರು ಅಡ್ಡ ಇದೆ. ಯಾರಾದ್ರೂ ಅವಳಿಗೆ ಒಂದು ಮಾತು ಅಂದುಬಿಟ್ರೆ ಕಷ್ಟ, ನಾನು ಹೋಗ್ಬೇಕು' ಅಂದ್ರು."

ಅವಳು ಕೈಗೆ ಸಿಕ್ಕ ನೀಲಿ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಂದು ಕಡೆಯಿಂದ 'ನಿನ್ನಿಂದ ಹೋದರು' ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಯಿತು. ಇನ್ನೊಂದು ಕಡೆಯಿಂದ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸುಖ ಹೊಟ್ಟೆಯೊಳಗಿಂದ ಎದ್ದು ಬಂತು. ಅಷ್ಟೊಂದು ನೋವಿನಲ್ಲಿ, ಪ್ರೀತಿಯ ಶಿಷ್ಯೆಯ ಎದುರಿಗೆ ಕೂತು, ಆ ಮನುಷ್ಯ ತನ್ನನ್ನು ನೆನೆದಿದ್ದರು.

"ಇನ್ನೇನಂದ್ರು?"

"ಕಾರು ತೆಗೆಯೋಕೆ ಆಂಟಿಗೆ ಹೇಳಿಕಳಿಸೋಣ, ಅವರಿಗೆ ಬರಲ್ವಾ ಅಂದೆ. ಅದಕ್ಕೆ..." ಹುಡುಗಿ ಮುಖ ಎತ್ತಿ ಅವಳನ್ನು ನೋಡಿದಳು. "'ಕಲಿಸೋಕೆ ಹೋಗಿದ್ದೆ. ಆಗ್ಲಿಲ್ಲ. ಬೇರೆಯವರು ಸ್ಟೇರಿಂಗ್ ಹಿಡಿದ್ರೆ ನನಗೇನೂ ಅನ್ಸಲ್ಲ. ಅವಳು ಹಿಡಿದ ತಕ್ಷಣ ನನ್ನ ಕಾಲಿಗೆ ಬ್ರೇಕೇ ಸಿಗಲ್ಲ. ಅವಳಿಗೆ ಏನಾದ್ರೂ ಆಗಿಬಿಟ್ರೆ ಅಂತ ಕಾಲೇ ಮರಗಟ್ಟಿಹೋಗುತ್ತೆ. ಅವಳ ಮೇಲೆ ರೇಗಿಬಿಟ್ಟೆ, ಇವತ್ತಿಗೂ ಹೇಳೋಕಾಗಿಲ್ಲ' ಅಂದ್ರು."

ಹೊರಗೆ ಯಾರೋ ಮಗುವೊಂದನ್ನು ಗದರಿಸುತ್ತಿದ್ದರು. ಅವಳ ದನಿ ಬದಲಾಗಿತ್ತು, ಆದರೆ ಮೆತ್ತಗಾಗಿರಲಿಲ್ಲ.

"ಅದನ್ನ ನಿನಗ್ಯಾಕೆ ಹೇಳಿದ್ರು?"

"ಗೊತ್ತಿಲ್ಲ ಆಂಟಿ."

"ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ವಿ. ಆ ಮಾತು ನನ್ನದು. ನಿನಗ್ಯಾಕೆ ಹೇಳಿದ್ರು?"

ಹುಡುಗಿ ಕಣ್ಣು ಒರೆಸಿಕೊಂಡು ಬೇರೆ ಮಾತು ಹೇಳಿದಳು.

"ಅವರು ಬೇಡ ಅಂದ್ರೂ ನಾನು ಬಿಡಬಾರದಿತ್ತು. ಕೈ ಹಿಡಿದು ಕೂರಿಸ್ಬೇಕಿತ್ತು, ದೊಡ್ಡ ಡಾಕ್ಟರನ್ನ ಕರೀಬೇಕಿತ್ತು. ಮತ್ತೆ ಬೈಸ್ಕೋಬೇಕಲ್ಲ ಅಂತ ಕರೀಲಿಲ್ಲ. ತಪ್ಪು ನಂದೇ. ನೀವು ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಲ್ಲಿ ಬಂದು ಇದನ್ನೆಲ್ಲ ಹೇಳ್ತೀನಿ. ಆದ್ರೆ ಕೇಳಿದ್ರೆ ಎಲ್ಲವನ್ನೂ ಹೇಳಬೇಕಾಗುತ್ತೆ. ಅವರು ಯಾಕೆ ಎದ್ದು ಹೋದ್ರು ಅನ್ನೋದನ್ನೂ." ಸ್ವಲ್ಪ ತಡೆದು ಸೇರಿಸಿದಳು, "ನೀವು ಸ್ಮಶಾನಕ್ಕೆ ಕಳಿಸಿದ್ರೆ ಯಾರೂ ಏನೂ ಕೇಳಲ್ಲ. ನಾನೂ ಯಾರಿಗೂ ಹೇಳಲ್ಲ. ದೇವರಾಣೆ."

ಅವಳು ಲೆಕ್ಕ ಹಾಕಿದಳು. ಮಣ್ಣಿಗೆ ಕಳಿಸಿದರೆ ಹುಡುಗಿಯ ಕೆಲಸ ಉಳಿಯುತ್ತದೆ, ತನ್ನ ಮೇಲೂ ಯಾರೂ ಬೆರಳು ತೋರಿಸುವುದಿಲ್ಲ. ಆದರೆ ಆಮೇಲೆ? ಆಮೇಲೆ ಆ ಮಾತು ತಮ್ಮಿಬ್ಬರ ನಡುವೆಯೇ ಗುಟ್ಟಾಗಿ ಉಳಿಯುತ್ತದೆ. ಅರ್ಧ ಪಾಲು ಈ ಹುಡುಗಿಯದು. ಎಲ್ಲಿಯೋ ಯಾರದೋ ಮದುವೆಯಲ್ಲಿ ಎದುರಾದಾಗ ಇವಳು ಕನಿಕರದಿಂದ ತನ್ನ ಕಡೆ ನೋಡುತ್ತಾಳೆ. ಊರಿನ ಬಾಯಲ್ಲಿ ಮಾತ್ರ ಉಳಿಯುವುದು ಬೇರೆ ಕತೆ: ಮೇಷ್ಟ್ರು ಕೊನೆಗಾಲದಲ್ಲಿ ಶಿಷ್ಯೆಯ ಹತ್ತಿರ ನಗುನಗುತ್ತಾ ಮಾತಾಡುತ್ತಿದ್ದಾಗ ಹೆಂಡತಿ ಹೊರಗೆ ಕಾರ್ ಕಾಯುತ್ತಿದ್ದಳಂತೆ.

ಅದು ಮಾತ್ರ ಆಗಕೂಡದು.

"ಏಳು," ಎಂದಳು. ಬಾಗಿಲನ್ನು ದಡಾರನೆ ತೆಗೆದದ್ದಕ್ಕೆ ನಾದಿನಿ ಎರಡು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿದಳು.

•

ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಅವಳು ಹುಡುಗಿಯನ್ನು ತಂದು ನಿಲ್ಲಿಸಿದಳು. ಗಲ್ಲಿಯ ಜನವೆಲ್ಲ ತಿರುಗಿ ನೋಡಿತು. ಹೆಣದ ಗಾಡಿಯ ಡ್ರೈವರು ಕುಡಿಯುತ್ತಿದ್ದ ಕಾಫಿಯ ಲೋಟ ಕೆಳಗಿಟ್ಟ.

"ಮೇಷ್ಟ್ರು ಪರೀಕ್ಷೆ ಬೇಡ ಅಂತ ಯಾಕೆ ಎದ್ದು ಬಂದ್ರು ಅಂತ ಇವರಿಗೆಲ್ಲ ಹೇಳು."

"ಆಂಟಿ, ಎಲ್ಲರ ಮುಂದೆ..."

"ಎಲ್ಲರ ಮುಂದೆಯೇ."

ಹುಡುಗಿ ತಲೆ ತಗ್ಗಿಸಿ ಹೇಳಿದಳು. ಹೆಂಡತಿ ಬಿಸಿಲಲ್ಲಿ ಕಾರಿನ ಹತ್ತಿರ ನಿಂತಿದಾಳೆ, ಯಾರಾದರೂ ಒಂದು ಮಾತು ಅಂದುಬಿಟ್ಟರೆ ಕಷ್ಟ ಎಂದರಂತೆ. ಅದಕ್ಕೇ ಎದ್ದು ಬಂದರಂತೆ. ಆಮೇಲೆ ಯಾರೂ ಕೇಳದಿದ್ದರೂ, ತಾನು ತಡೆಯಬೇಕಾಗಿತ್ತು, ತಡೆಯಲಿಲ್ಲ ಎಂದೂ ಹೇಳಿದಳು. ಔಷಧಿ ಅಂಗಡಿಯವಳು ಬಾಯಿಗೆ ಕೈ ಅಡ್ಡ ಹಿಡಿದಳು.

ನಾದಿನಿಯೇ ಮೊದಲು ಚೇತರಿಸಿಕೊಂಡವಳು. "ಅಯ್ಯೋ ನಮ್ಮಪ್ಪ. ಹಾಗಾದ್ರೆ ನಿನ್ನ ದೆಸೆಯಿಂದಲೇ ಹೋದ್ನಲ್ಲೇ ನನ್ನ ತಮ್ಮ."

"ಹೌದು ಅಕ್ಕ. ನನ್ನ ದೆಸೆಯಿಂದಲೇ." ಅವಳ ತಲೆ ನೆಟ್ಟಗಿತ್ತು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಹುಡುಗಿಯ ಕಡೆ ತಿರುಗಿದಳು. "ಇನ್ನೊಂದ್ಸಲ ಹೇಳಮ್ಮ. ಅಲ್ಲಿ ಹಿಂದೆ ನಿಂತವರಿಗೆ ಕೇಳಿಸಿಲ್ಲ."

ಹುಡುಗಿ ಇನ್ನೊಂದು ಸಲ ಹೇಳಿದಳು. ಈ ಸಲ ದನಿ ಗಟ್ಟಿಯಾಗಿತ್ತು. ಗಲ್ಲಿಯ ಕೊನೆಯವರೆಗೂ ಕೇಳಿಸಿತು.

"ಸಾಕು," ಎಂದಳು ಅವಳು. ಗ್ಯಾರೇಜಿನವನಿಗೆ ಹೇಳಿದಳು, "ದೊಡ್ಡಾಸ್ಪತ್ರೆಗೆ. ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳ್ಬೇಕೋ ಆಮೇಲೆ ಹೇಳ್ಬೇಕೋ, ಅದೆಲ್ಲ ನೀನು ನೋಡ್ಕೋ."

"ಅತ್ತಿಗೆ, ಯೋಚನೆ ಮಾಡಿದೀರಾ? ಅಲ್ಲಿ ನಿಮ್ಮನ್ನೂ ಕೇಳ್ತಾರೆ. ಯಾಕೆ ಹೊರಗೆ ನಿಂತಿದ್ರಿ, ಯಾಕೆ ಒಳಗೆ ಬರ್ಲಿಲ್ಲ ಅಂತ."

"ಕೇಳ್ಲಿ. ಹೇಳ್ತೀನಿ."

ಮೇಷ್ಟ್ರನ್ನು ಹೊರಗೆ ತಂದರು. ಶಿಷ್ಯರು ನಾ ಮುಂದು ತಾ ಮುಂದು ಎಂದು ಹೆಗಲು ಕೊಡಲು ಬಂದರು. ಈ ಸಲ ಯಾರೂ ಯಾರಿಗೂ ದಾರಿ ಹೇಳಿಕೊಡಲಿಲ್ಲ. ಗಾಡಿಯ ಹಿಂಬಾಗಿಲು ತೆರೆಯಿತು. ಒಳಗೆ ಒಂದು ಬದಿಗೆ ಮೇಷ್ಟ್ರನ್ನು ಮಲಗಿಸಿದರು, ಇನ್ನೊಂದು ಬದಿಗೆ ಉದ್ದಕ್ಕೆ ತಗಡಿನ ಬೆಂಚು. ನಾದಿನಿ ಹತ್ತಲು ಕಾಲಿಟ್ಟಳು.

"ನೀವು ಮುಂದೆ ಡ್ರೈವರ್ ಪಕ್ಕ ಕೂತ್ಕೊಳ್ಳಿ ಅಕ್ಕ. ಹಿಂದೆ ಕುಲುಕಾಡುತ್ತೆ, ನಿಮಗಾಗಲ್ಲ."

ಅವಳು ಹತ್ತಿ ಬೆಂಚಿನ ಮೇಲೆ ಗಂಡನ ತಲೆಯ ಹತ್ತಿರ ಕೂತಳು. ಅವರ ಅಂಗಿಯ ಕಾಲರು ಮಡಚಿಕೊಂಡಿತ್ತು, ಸರಿಮಾಡಿದಳು. ಬೆಂಚಿನಲ್ಲಿ ಇನ್ನೊಬ್ಬರು ಆರಾಮವಾಗಿ ಕೂರುವಷ್ಟು ಜಾಗ ಉಳಿದಿತ್ತು. ಡಾಕ್ಟರಮ್ಮ ಬಂದು ಗಾಡಿಯ ಮೆಟ್ಟಿಲ ಹತ್ತಿರ ನಿಂತು, ಒಂದು ಕೈಯಲ್ಲಿ ಬಾಗಿಲು ಹಿಡಿದು, ಅವಳ ಮುಖ ನೋಡಿದಳು.

ಅವಳು ತೊಡೆಯ ಮೇಲಿದ್ದ ಕೈಚೀಲವನ್ನು ತೆಗೆದು ಆ ಜಾಗದಲ್ಲಿ ಇಟ್ಟಳು.